ಲ್ಯಾಪ್‌ಟಾಪ್ ಚಾರ್ಜರ್ ಜರ್ಮನಿಗೆ: ಕನ್ವರ್ಟರ್ ಬೇಕಾ, ಪ್ಲಗ್ ಬದಲಿಸಿದರೆ ಸಾಕಾ?

ನೀರ್ಚಾಲಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಓದಲು ಸೆಪ್ಟೆಂಬರ್ ಕೊನೆಗೆ ಜರ್ಮನಿಗೆ ಹೊರಟಿದ್ದೇನೆ. ದೊಡ್ಡ ಬ್ಯಾಗಿಗೆ 23 ಕಿಲೋ ಮಾತ್ರ. ಮೊನ್ನೆ ಅಪ್ಪ ಪೇಟೆಯ ಒಂದು ಅಂಗಡಿಯಿಂದ ‘ಫಾರಿನ್ ಕನ್ವರ್ಟರ್’ ಅಂತ ಒಂದು ಕಬ್ಬಿಣದ ಡಬ್ಬಿ ತಂದಿದ್ದಾರೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ, ಎರಡೂಮುಕ್ಕಾಲು ಕಿಲೋ ಉಂಟು. ಇದಿಲ್ಲದೆ ಅಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ ಎಂದು ಅಂಗಡಿಯವರು ಹೇಳಿದರಂತೆ. ಅಪ್ಪ ಹೆದರಿದ್ದಾರೆ. ಲ್ಯಾಪ್‌ಟಾಪ್ ಹೊಸತು, ಅಡಿಕೆ ಮಾರಿದ ದುಡ್ಡಿನಲ್ಲಿ ತೆಗೆದದ್ದು.

ಎರಡೂಮುಕ್ಕಾಲು ಕಿಲೋ ಅಂದರೆ ನನಗೆ ಒಂದು ಚಳಿಕೋಟು, ಇಲ್ಲವೇ ಅಮ್ಮನ ಸಾರಿನ ಪುಡಿ ಮತ್ತು ಹಲಸಿನ ಹಪ್ಪಳ. ನಿಜವಾಗಿ ಇದು ಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉಪ್ಪಳ–ಶಾರ್ಜಾ

ತಂಗೀ, ಅಪ್ಪ ಹೆದರಿದ್ದರಲ್ಲಿ ತಪ್ಪಿಲ್ಲ. ನಾನು ಶಾರ್ಜಾಕ್ಕೆ ಬರುವ ಮೊದಲು ನಾಲ್ಕು ವರ್ಷ ಸೌದಿಯಲ್ಲಿದ್ದೆ. ಆಗ ಅಲ್ಲಿ ಎಷ್ಟೋ ಕಟ್ಟಡಗಳಲ್ಲಿ 127 ವೋಲ್ಟಿನ ಸಾಕೆಟ್. ಅಲ್ಲಿ ತೆಗೆದ ಟೇಪ್ ರೆಕಾರ್ಡರಿನ ಬೆನ್ನಲ್ಲಿ ಸಣ್ಣ ಸ್ವಿಚ್ಚೊಂದಿತ್ತು, ಒಂದು ಕಡೆ 110, ಇನ್ನೊಂದು ಕಡೆ 220. ರೂಮಿನಲ್ಲಿ 110ಕ್ಕೇ ಇಟ್ಟು ಕೇಳುತ್ತಿದ್ದೆ. ರಜೆಗೆ ಊರಿಗೆ ತಂದೆ. ಮನೆಯವರೆಲ್ಲ ಸುತ್ತ ಕೂತಿದ್ದರು. ಸ್ವಿಚ್ಚು ತಿರುಗಿಸಲು ಮರೆತು ಪ್ಲಗ್ ಹಾಕಿದೆ. ಒಂದು ಸಲ ‘ಜುಂಯ್’ ಅಂದಿತು, ಹಿಂದಿನ ತೂತುಗಳಿಂದ ಬಿಳಿ ಹೊಗೆ ಬಂತು. ಅಮ್ಮನ ಮುಖ ಇನ್ನೂ ಕಣ್ಣ ಮುಂದೆ ಇದೆ.

ಆದ್ದರಿಂದ ಕನ್ವರ್ಟರ್ ಕೊಂಡುಹೋಗುವುದೇ ಒಳ್ಳೆಯದು ಅಂತ ನನಗೆ ಕಾಣುತ್ತದೆ. ತೂಕ ಹೋದರೆ ಹೋಗಲಿ.

ಪೆರ್ಲದ ವಯರಿಂಗ್ ಕೆಲಸದವ

ಅಣ್ಣ ಹೇಳಿದ್ದು ಆ ಟೇಪ್ ರೆಕಾರ್ಡರಿನ ಮಟ್ಟಿಗೆ ಪೂರ್ತಿ ಸರಿ. ಈಗಿನ ಲ್ಯಾಪ್‌ಟಾಪ್ ಚಾರ್ಜರಿನ ಕಥೆ ಬೇರೆ.

ತಂಗೀ, ಮೊದಲು ಒಂದು ಕೆಲಸ ಮಾಡು. ಚಾರ್ಜರಿನ ಇಟ್ಟಿಗೆಯಂಥ ಭಾಗವನ್ನು ಮಗುಚಿ ಹಾಕು. ಕಪ್ಪಿನ ಮೇಲೆ ಬೂದು ಬಣ್ಣದ ತುಂಬ ಸಣ್ಣ ಅಕ್ಷರ ಇರುತ್ತದೆ, ನೇರ ನೋಡಿದರೆ ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ ಓದು. ‘ಇನ್‌ಪುಟ್’ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಏನು ಬರೆದಿದೆ ಇಲ್ಲಿ ಹಾಕು. ಮತ್ತೆ ಮಾತಾಡುವ.

ನೀರ್ಚಾಲಿನ ಹುಡುಗಿ

ಓದಿದೆ ಅಣ್ಣ. ಇನ್‌ಪುಟ್: 100–240 ವೋಲ್ಟ್, ಪಕ್ಕದಲ್ಲಿ ಅಲೆಯ ಹಾಗೆ ಒಂದು ಗೆರೆ, 1.5 ಆಂಪ್, 50–60 ಹರ್ಟ್ಜ್. ಕೆಳಗೆ ಔಟ್‌ಪುಟ್: 19.5 ವೋಲ್ಟ್, 3.34 ಆಂಪ್.

ಪೆರ್ಲದ ವಯರಿಂಗ್ ಕೆಲಸದವ

ಹಾಗಾದರೆ ಕನ್ವರ್ಟರನ್ನು ಅಂಗಡಿಗೆ ವಾಪಸ್ ಕೊಡಲು ಅಪ್ಪನಿಗೆ ಹೇಳು.

100ರಿಂದ 240 ವೋಲ್ಟಿನ ಒಳಗೆ ಎಷ್ಟು ಕೊಟ್ಟರೂ ಈ ಚಾರ್ಜರ್ ತಾನೇ ಹೊಂದಿಕೊಳ್ಳುತ್ತದೆ. ಅಣ್ಣನ ಟೇಪ್ ರೆಕಾರ್ಡರಿನ ಹಾಗೆ ಸ್ವಿಚ್ಚು ತಿರುಗಿಸುವ ಕೆಲಸ ಇಲ್ಲ. ಅಲೆಯ ಗೆರೆ ಅಂದರೆ ಎಸಿ, ಗೋಡೆಯಿಂದ ಬರುವ, ದಿಕ್ಕು ಬದಲಿಸುತ್ತಾ ಇರುವ ಕರೆಂಟು. ಔಟ್‌ಪುಟ್ ಡಿಸಿ, ಬ್ಯಾಟರಿಯದ್ದರ ಹಾಗೆ ಒಂದೇ ದಿಕ್ಕಿನದ್ದು. 19.5ನ್ನು 3.34ರಿಂದ ಗುಣಿಸಿದರೆ 65 ವಾಟ್, ನಿನ್ನ ಚಾರ್ಜರಿನ ಶಕ್ತಿ ಅಷ್ಟು.

ಇನ್ನೊಂದು ಸಂಗತಿ. ಜರ್ಮನಿಯಲ್ಲಿ 230 ವೋಲ್ಟ್, 50 ಹರ್ಟ್ಜ್, ಅಂದರೆ ಎಸಿಯ ಅಲೆ ಸೆಕೆಂಡಿಗೆ 50 ಸಲ. ನಮ್ಮಲ್ಲೂ ಅಷ್ಟೇ. ಅಂದ ಮೇಲೆ ಆ ಡಬ್ಬಿ ಯಾವುದನ್ನು ಯಾವುದಕ್ಕೆ ಬದಲಾಯಿಸಬೇಕು? ನಿನಗೆ ಅಲ್ಲಿ ಎದುರಾಗುವ ತೊಂದರೆ ವೋಲ್ಟೇಜಿನದ್ದಲ್ಲ, ಪಿನ್ನಿನ ಆಕಾರದ್ದು. ಈ ಎರಡನ್ನು ಒಂದೇ ಅಂದುಕೊಂಡು ಜನ ದುಡ್ಡು ಕಳೆದುಕೊಳ್ಳುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಬೇಸರವಾಗುತ್ತದೆ.

ಉಪ್ಪಳ–ಶಾರ್ಜಾ

ಒಪ್ಪಿದೆ. ಆದರೆ ಒಂದೇ ಚಾರ್ಜರ್ 100ಕ್ಕೂ ಆಗುತ್ತದೆ, 240ಕ್ಕೂ ಆಗುತ್ತದೆ ಅಂದರೆ ಒಳಗೆ ಏನು ನಡೆಯುತ್ತದೆ? ಯಾರಾದರೂ ಬಿಡಿಸಿ ಹೇಳಿದರೆ ಅವಳ ಅಪ್ಪನಿಗೂ ಧೈರ್ಯ ಬಂದೀತು.

ಬದಿಯಡ್ಕದ ಟೀಚರ್

ನಾನು ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಪ್ರಯತ್ನಿಸುತ್ತೇನೆ.

ಹಳೆಯ ಟೇಪ್ ರೆಕಾರ್ಡರಿನಲ್ಲಿ ಇದ್ದದ್ದು ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್. ಅದು ಒಳಗೆ ಬಂದ ವೋಲ್ಟೇಜನ್ನು ಇಂತಿಷ್ಟೇ ಭಾಗ ಮಾಡಿ ಕೊಡುತ್ತದೆ. ಎರಡು ಪಾಲು ಜಾಸ್ತಿ ಬಂದರೆ ಎರಡು ಪಾಲು ಜಾಸ್ತಿ ಹೊರಗೆ ಹೋಗುತ್ತದೆ. ಹೊಗೆ ಬಂದದ್ದು ಅದಕ್ಕೇ.

ಲ್ಯಾಪ್‌ಟಾಪ್ ಚಾರ್ಜರ್ ಹಾಗಲ್ಲ. ಮೊದಲು ಡಯೋಡುಗಳು ಎಸಿಯನ್ನು ಡಿಸಿ ಮಾಡುತ್ತವೆ. ನಮ್ಮ 230 ವೋಲ್ಟಿನ ಅಲೆಯ ತುದಿ ಸುಮಾರು 325 ವೋಲ್ಟ್, ಅಷ್ಟು ಡಿಸಿ ಒಂದು ದಪ್ಪ ಕೆಪಾಸಿಟರಿನಲ್ಲಿ ಸೇರುತ್ತದೆ. ಅದೇ ಜಪಾನಿನ 100 ವೋಲ್ಟ್ ಆದರೆ ಸುಮಾರು 140. ಆಮೇಲೆ ಒಂದು ಟ್ರಾನ್ಸಿಸ್ಟರ್ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತೆರೆದು ಮುಚ್ಚಿ ಮಾಡುತ್ತದೆ. ಹೊರಗೆ 19.5 ಬರುತ್ತಾ ಇದೆಯಾ ಎಂದು ಇನ್ನೊಂದು ಭಾಗ ಸದಾ ನೋಡುತ್ತಾ ಇರುತ್ತದೆ. ಕಡಿಮೆಯಾದರೆ ಸ್ವಲ್ಪ ಜಾಸ್ತಿ ಹೊತ್ತು ತೆರೆ, ಹೆಚ್ಚಾದರೆ ಬೇಗ ಮುಚ್ಚು ಎಂದು ಹೇಳುತ್ತದೆ.

ನಮ್ಮ ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗ ನೆನಪು ಮಾಡಿಕೊಳ್ಳಿ. ಆಗಸ್ಟಿನಲ್ಲಿ ನೀರು ಧೋ ಎಂದು ಬರುತ್ತದೆ, ಏಪ್ರಿಲಿನಲ್ಲಿ ಸಪುರ ಧಾರೆ. ಆದರೆ ಆ ನೀರು ಸೇರುವ ಕೆರೆಯ ತೂಬಿನ ಹತ್ತಿರ ಒಬ್ಬರು ಕೂತು ಹಲಗೆಯನ್ನು ಏರಿಸಿ ಇಳಿಸಿ ಮಾಡಿದರೆ ತೋಟದ ಕಣಿಗೆ ಹೋಗುವ ನೀರು ಒಂದೇ ಸಮ ಇರುತ್ತದಲ್ವಾ? ಚಾರ್ಜರಿನೊಳಗೆ ಆ ಕೆಲಸ ಕಣ್ಣು ಮಿಟುಕಿಸದೆ ನಡೆಯುತ್ತದೆ.

50 ಹರ್ಟ್ಜ್, 60 ಹರ್ಟ್ಜ್ ಕೂಡ ಲೆಕ್ಕಕ್ಕಿಲ್ಲ. ಮೊದಲ ಹೆಜ್ಜೆಯಲ್ಲೇ ಅದು ಡಿಸಿ ಆಗಿಬಿಡುತ್ತದೆ.

ಪೆರ್ಲದ ವಯರಿಂಗ್ ಕೆಲಸದವ

ಟೀಚರ್ ಚಂದ ಹೇಳಿದಿರಿ. ಅಪ್ಪನಿಗೆ ತೋರಿಸಲು ಮನೆಯಲ್ಲೇ ಸಾಕ್ಷಿ ಉಂಟು. ನಮ್ಮ ಮನೆ ಲೈನಿನ ಕೊನೆಯಲ್ಲಿ. ಮಾರ್ಚ್ ತಿಂಗಳಲ್ಲಿ ಸುತ್ತಲಿನ ತೋಟಗಳಲ್ಲಿ ಎಲ್ಲರೂ ಪಂಪು ಹಾಕಿದಾಗ ಮೀಟರ್ ಹಿಡಿದರೆ 165, 170 ತೋರಿಸುತ್ತದೆ. ಟ್ಯೂಬ್‌ಲೈಟ್ ಪಿಳಿಪಿಳಿ ಅನ್ನುತ್ತದೆ, ಫ್ರಿಜ್ಜಿನ ಸ್ಟೆಬಿಲೈಸರ್ ಟಿಕ್ ಟಿಕ್ ಅಂತ ಒದ್ದಾಡುತ್ತದೆ. ಆದರೆ ಮಗನ ಲ್ಯಾಪ್‌ಟಾಪ್ ಆರಾಮವಾಗಿ ಚಾರ್ಜ್ ಆಗುತ್ತಾ ಇರುತ್ತದೆ. ಮಗಳ ಲ್ಯಾಪ್‌ಟಾಪೂ ಊರಲ್ಲಿ ಹೀಗೆಯೇ ನಡೆದಿರುತ್ತದೆ ಅಂತ ಅಪ್ಪನಿಗೆ ಹೇಳು.

ನೀರ್ಚಾಲಿನ ಹುಡುಗಿ

ಅಪ್ಪನಿಗೆ ಓದಿ ಹೇಳಿದೆ. ತೂಬಿನ ಉದಾಹರಣೆ ಕೇಳಿ ‘ಹಾಗೋ, ಸರಿ’ ಅಂದರು. ಟೀಚರಿಗೂ ಅಣ್ಣನಿಗೂ ತುಂಬ ಥ್ಯಾಂಕ್ಸ್.

ಇನ್ನು ಪ್ಲಗ್ ವಿಷಯ. ಜರ್ಮನಿಗೆ ‘ಟೈಪ್ ಸಿ’ ಸಾಕು ಎಂದು ಸೀನಿಯರ್ ಒಬ್ಬರು ಹೇಳಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಟೈಪ್ ಸಿ ಪೋರ್ಟ್ ಇದೆ. ಹಾಗಾದರೆ ಬೇರೆ ಏನೂ ಬೇಡ ಅಲ್ವಾ?

ಬಾಯಾರಿನಿಂದ ಒಸಾಕಾ

ಅಕ್ಕ, ನಿಲ್ಲಿ! ಅದು ಬೇರೆ, ಇದು ಬೇರೆ. ನಾನೂ ಹೀಗೇ ಗೊಂದಲ ಮಾಡಿಕೊಂಡಿದ್ದೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು ಯುಎಸ್‌ಬಿ ಟೈಪ್ ಸಿ, ಮೊಬೈಲಿಗೆ ಹಾಕುವ ಚಪ್ಪಟೆ ತೂತು. ಸೀನಿಯರ್ ಹೇಳಿದ್ದು ಗೋಡೆಯ ಪ್ಲಗ್ಗಿನ ಟೈಪ್ ಸಿ, ಎರಡು ತೆಳ್ಳಗಿನ ದುಂಡು ಪಿನ್ನಿನದ್ದು. ದೇಶದೇಶದ ಪ್ಲಗ್ಗುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು ಇಟ್ಟಿದ್ದಾರೆ. ನಮ್ಮ ಮನೆಯ ಮೂರು ದುಂಡು ಪಿನ್ನಿನ ಸಾಮಾನ್ಯ ಪ್ಲಗ್ ಟೈಪ್ ಡಿ. ಏಸಿಗೆ ಹಾಕುವ ದಪ್ಪದ್ದು ಟೈಪ್ ಎಂ. ಇಂಗ್ಲೆಂಡ್, ಗಲ್ಫ್, ಸಿಂಗಾಪುರಕ್ಕೆ ಟೈಪ್ ಜಿ. ಅಮೆರಿಕ, ಜಪಾನಿಗೆ ಚಪ್ಪಟೆ ಪಿನ್ನಿನ ಎ ಮತ್ತು ಬಿ. ಆಸ್ಟ್ರೇಲಿಯಕ್ಕೆ ಓರೆ ಪಿನ್ನಿನ ಐ. ಜರ್ಮನಿಯ ಗೋಡೆಯಲ್ಲಿರುವುದು ಟೈಪ್ ಎಫ್, ಅದರೊಳಗೆ ಟೈಪ್ ಸಿ ಕೂಡ ಕೂರುತ್ತದೆ.

ಬದಿಯಡ್ಕದ ಟೀಚರ್

ಇಲ್ಲಿ ಒಂದು ಚರಿತ್ರೆಯ ಮಾತು ಸೇರಿಸುತ್ತೇನೆ. ನಮ್ಮ ದುಂಡು ಪಿನ್ನು ನಮ್ಮದಲ್ಲ, ಬ್ರಿಟಿಷರದ್ದು. ಅವರು 1947ರಲ್ಲಿ ಚಪ್ಪಟೆ ಪಿನ್ನಿನ, ಒಳಗೆ ಫ್ಯೂಸ್ ಇರುವ ಹೊಸ ಪ್ಲಗ್ಗಿನ ಗುಣಮಟ್ಟ ತಂದು ನಿಧಾನಕ್ಕೆ ಹಳೆಯದನ್ನು ಬಿಟ್ಟರು. ನಮ್ಮಲ್ಲಿ ಹಳೆಯದೇ ಉಳಿಯಿತು. ಗಲ್ಫಿಗೆ ಹೊಸದು ಹೋಯಿತು. ಉಪ್ಪಳದಿಂದ ಶಾರ್ಜಾಕ್ಕೆ ಹೋದವರಿಗೆ ಪಿನ್ನು ತಾಗದಿರುವುದು ಇದೇ ಕಾರಣಕ್ಕೆ.

ಉಪ್ಪಳ–ಶಾರ್ಜಾ

ಇದು ನನಗೆ ಗೊತ್ತೇ ಇರಲಿಲ್ಲ ಟೀಚರ್.

ಗಲ್ಫಿಗೆ ಹೊಸತಾಗಿ ಬರುವ ಹುಡುಗರಿಗೆ ಒಂದು ಮಾತು. ರೂಮುಗಳಲ್ಲಿ ಈಗಲೂ ನೋಡುತ್ತೇನೆ: ಊರಿನ ಎರಡು ಪಿನ್ನಿನ ಚಾರ್ಜರ್, ಸಾಕೆಟಿನ ಮೇಲಿನ ತೂತಿಗೆ ಬಾಲ್‌ಪೆನ್ನಿನ ತುದಿ ಒತ್ತಿ ಹಿಡಿದು ಕೆಳಗಿನ ಎರಡಕ್ಕೆ ತುರುಕುವುದು. ಮೇಲಿನ ತೂತು ಅರ್ಥಿಂಗಿನದ್ದು. ಅದಕ್ಕೆ ಉದ್ದ ಪಿನ್ನು ಹೋದರೆ ಮಾತ್ರ ಕೆಳಗಿನ ತೂತುಗಳ ಬಾಗಿಲು ತೆರೆಯುವ ಹಾಗೆ ಮಾಡಿದ್ದಾರೆ, ಮಕ್ಕಳು ಬೆರಳು ಕಡ್ಡಿ ಹಾಕಬಾರದು ಅಂತ. ಪೆನ್ನು ಹಾಕಿ ಆ ಕಾವಲನ್ನೇ ಮುರಿಯುತ್ತೇವೆ. ಪಿನ್ನು ಸಡಿಲ ಕೂತು ಕಿಡಿ ಬಿಡುತ್ತದೆ. ನನ್ನ ಪಕ್ಕದ ಮಂಚದ ಹುಡುಗನ ಸಾಕೆಟ್ ಹೀಗೇ ಕಪ್ಪಾಗಿ ಕರಗಿತ್ತು. ಪಿನ್ನಿನ ಆಕಾರ ಮಾತ್ರ ಬದಲಿಸುವ ಸರಿಯಾದ ಅಡಾಪ್ಟರ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ದಯವಿಟ್ಟು ಅದನ್ನೇ ತೆಗೆಯಿರಿ.

ಪೆರ್ಲದ ವಯರಿಂಗ್ ಕೆಲಸದವ

ತಂಗಿಯ ಚಾರ್ಜರಿಗೆ ಬರುವ. ಅಡಾಪ್ಟರಿಗಿಂತ ಒಳ್ಳೆಯ ದಾರಿ ಒಂದುಂಟು. ಚಾರ್ಜರಿನ ಇಟ್ಟಿಗೆಯಿಂದ ಗೋಡೆಗೆ ಹೋಗುವ ವಯರನ್ನು ಎಳೆದು ನೋಡು, ಕಳಚಿ ಬರುತ್ತದೆ. ಅದರ ತುದಿ ಮೂರು ಎಸಳಿನ ಎಲೆಯ ಹಾಗೆ ಉಂಟಲ್ಲ? ಆ ತುದಿ ಎಲ್ಲಾ ದೇಶದಲ್ಲೂ ಒಂದೇ ಅಳತೆ. ಇನ್ನೊಂದು ತುದಿ ಮಾತ್ರ ಆಯಾ ದೇಶದ್ದು. ಜರ್ಮನಿಯಲ್ಲಿ ಆ ಒಂದು ವಯರ್ ತೆಗೆದುಕೊಂಡರೆ ಮುಗಿಯಿತು. ಅಡಾಪ್ಟರ್ ಜೋತಾಡುವುದಿಲ್ಲ, ಅರ್ಥಿಂಗೂ ಸರಿಯಾಗಿ ಸಿಗುತ್ತದೆ.

ಮೊದಲ ಎರಡು ದಿನಕ್ಕೆ ಮಾತ್ರ ಇಲ್ಲಿಂದ ಒಂದು ಅಡಾಪ್ಟರ್ ಒಯ್ಯು. ಮೂರನೇ ಪಿನ್ನಿಗೂ ಒಳಗೆ ಲೋಹ ಇರುವಂಥದ್ದು ನೋಡಿ ತೆಗೆ. ಕೆಲವು ‘ಯೂನಿವರ್ಸಲ್’ ಅಡಾಪ್ಟರುಗಳಲ್ಲಿ ಮೂರನೇ ತೂತು ಸುಮ್ನೆ ಪ್ಲಾಸ್ಟಿಕ್ಕು, ಒಳಗೆ ಏನೂ ಇಲ್ಲ.

ಜರ್ಮನಿ, ಆರು ವರ್ಷ

ಅಡೂರಿನವ, ಈಗ ಇಲ್ಲೇ ಕೆಲಸ. ಅಣ್ಣ ಹೇಳಿದ್ದೇ ಸರಿ. ಇಲ್ಲಿನ ಸಾಕೆಟ್ ಗೋಡೆಯೊಳಗೆ ಬಟ್ಟಲಿನ ಹಾಗೆ ತಗ್ಗಾಗಿ ಇರುತ್ತದೆ. ಮೇಲೆ ಕೆಳಗೆ ಅಂಚಿನಲ್ಲಿ ಎರಡು ತಗಡಿನ ನಾಲಗೆ, ಅವೇ ಅರ್ಥಿಂಗ್. ಪ್ಲಗ್ ತೂತಿಗೆ ಹೋಗುವ ಮೊದಲೇ ಅರ್ಥಿಂಗ್ ತಾಗುತ್ತದೆ. ಊರಿನ ಮೂರು ಪಿನ್ನಿನದ್ದು ಹೋಗುವುದೇ ಇಲ್ಲ. ಎರಡು ಪಿನ್ನಿನದ್ದರಲ್ಲಿ ಪಿನ್ನು ದಪ್ಪವಿದ್ದರೆ ಒತ್ತಬೇಡಿ. ನಮ್ಮ ಟೈಪ್ ಡಿ ಪಿನ್ನು 5 ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಇಲ್ಲಿನ ತೂತು 4.8ರ ಪಿನ್ನಿಗೆ ಮಾಡಿದ್ದು. ಒತ್ತಿದರೆ ಹಾಸ್ಟೆಲಿನ ಸಾಕೆಟ್ ಹಾಳಾಗಿ ದಂಡ ಕಟ್ಟಬೇಕಾದೀತು.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಕ್ಲೇಬ್ಲಾಟ್’ ವಯರ್ ಅಂತ ಕೇಳಿ. ಮೂರೆಸಳಿನ ಎಲೆಗೆ ಜರ್ಮನ್ ಮಾತು ಅದು. ಹತ್ತು ಯೂರೋದ ಒಳಗೆ ಸಿಗುತ್ತದೆ.

ಇನ್ನೊಂದು ದಾರಿ: ನಿಮ್ಮ ಲ್ಯಾಪ್‌ಟಾಪ್ ಯುಎಸ್‌ಬಿ ಸಿ ಮೂಲಕ ಚಾರ್ಜ್ ಆಗುತ್ತದಾ ನೋಡಿ. ಆ ತೂತು ಇದ್ದ ಮಾತ್ರಕ್ಕೆ ಆಗಲೇಬೇಕೆಂದಿಲ್ಲ, ಮಾಡೆಲಿನ ವಿವರ ಓದಬೇಕು. ಆಗುವುದಾದರೆ 65 ವಾಟಿನ ಒಂದು ಚಾರ್ಜರ್ ಇಲ್ಲೇ ತೆಗೆದರೆ ಮೊಬೈಲಿಗೂ ಲ್ಯಾಪ್‌ಟಾಪಿಗೂ ಅದೇ ಸಾಕು. ಯುರೋಪಿನಲ್ಲಿ ಹೊಸ ಮೊಬೈಲುಗಳಿಗೆ 2024ರ ಡಿಸೆಂಬರ್ 28ರಿಂದ ಯುಎಸ್‌ಬಿ ಸಿ ಕಡ್ಡಾಯ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ.

ಮುಳ್ಳೇರಿಯದ ಅತ್ತೆ

ನಡುವೆ ಬಾಯಿ ಹಾಕುತ್ತೇನೆ ಮಕ್ಕಳೇ. ನನ್ನ ಇಬ್ಬರು ಮಕ್ಕಳಲ್ಲಿ ಒಬ್ಬ ಜರ್ಮನಿಯಲ್ಲಿ, ಮಗಳು ಅಮೆರಿಕದಲ್ಲಿ. ಇಬ್ಬರೂ ಮಿಕ್ಸಿ ಬೇಕು ಅನ್ನುತ್ತಾರೆ. ಅಲ್ಲಿನ ಮಿಕ್ಸಿಯಲ್ಲಿ ತೆಂಗಿನಕಾಯಿ ನುಣ್ಣಗಾಗುವುದಿಲ್ಲವಂತೆ. ನಮ್ಮ ಮಿಕ್ಸಿಯ ಅಡಿಯಲ್ಲಿ 230 ವೋಲ್ಟ್, 50 ಹರ್ಟ್ಜ್, 750 ವಾಟ್ ಅಂತ ಬರೆದಿದೆ. ಚಾರ್ಜರಿನ ಹಾಗೆ ಇದೂ ಹೊಂದಿಕೊಳ್ಳುತ್ತದಾ?

ಪೆರ್ಲದ ವಯರಿಂಗ್ ಕೆಲಸದವ

ಇಲ್ಲ ಅತ್ತೆ, ಮಿಕ್ಸಿ ಹೊಂದಿಕೊಳ್ಳುವುದಿಲ್ಲ. ನೀವು ಓದಿದ ಸಾಲಿನಲ್ಲೇ ಉತ್ತರ ಉಂಟು. ಚಾರ್ಜರಿನಲ್ಲಿ ‘100ರಿಂದ 240’, ಮಿಕ್ಸಿಯಲ್ಲಿ ‘230’ ಮಾತ್ರ.

ಮಗನಿಗೆ ಕಳಿಸಿ, ಜರ್ಮನಿಯಲ್ಲಿ 230 ಇರುವುದರಿಂದ ಸರಿಯಾಗಿ ತಿರುಗುತ್ತದೆ. ಅರ್ಥಿಂಗ್ ಇರುವ, ಕನಿಷ್ಠ 6 ಆಂಪ್ ತಾಳುವ ಅಡಾಪ್ಟರ್ ಹಾಕಲಿ. ಮಗಳಿಗೆ ಕಳಿಸಬೇಡಿ. ಅಮೆರಿಕದಲ್ಲಿ 120 ವೋಲ್ಟ್. ಅರ್ಧ ವೋಲ್ಟೇಜಿನಲ್ಲಿ ಮೋಟಾರು ಮುಲುಗುತ್ತದೆ, ಕಾಯಿ ತಿರುಗುವುದಿಲ್ಲ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ 750 ವಾಟಿನ ಮಿಕ್ಸಿಗೆ 1500 ವಾಟಿನದ್ದಾದರೂ ಬೇಕು. ಅದನ್ನು ಎತ್ತುವುದೇ ಕಷ್ಟ. ನಮ್ಮ ಮಾದರಿಯದೇ ಮಿಕ್ಸಿಗಳು 110 ವೋಲ್ಟಿನಲ್ಲೂ ಬರುತ್ತವೆ, ಮಗಳು ಅಲ್ಲೇ ತೆಗೆದುಕೊಳ್ಳಲಿ.

ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಯಾವುದನ್ನೂ ಪ್ರವಾಸದ ಸಣ್ಣ ಅಡಾಪ್ಟರಿಗೆ ಹಾಕಬಾರದು, ವೋಲ್ಟೇಜ್ ಒಂದೇ ಇದ್ದರೂ ಸಹ. 2000 ವಾಟ್ ಅಂದರೆ 8 ಆಂಪಿಗೂ ಜಾಸ್ತಿ. ಅಡಾಪ್ಟರ್ ಕರಗುತ್ತದೆ.

ಬದಿಯಡ್ಕದ ಟೀಚರ್

ಬಿಸಿ ಮಾಡುವ ಸಾಮಾನಿನಲ್ಲಿ ಲೆಕ್ಕ ಇನ್ನೂ ಕಠಿಣ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಏರುತ್ತದೆ. ನನ್ನ ಅತ್ತಿಗೆ ಅಮೆರಿಕದಿಂದ ಬಂದಾಗ 120 ವೋಲ್ಟಿನ ಹೇರ್ ಡ್ರೈಯರನ್ನು ನಮ್ಮ ಮನೆಯ 230ಕ್ಕೆ ಹಾಕಿದಳು. ವೋಲ್ಟೇಜು ಎರಡರಷ್ಟಕ್ಕೂ ಕಡಿಮೆ, ಆದರೆ ಬಿಸಿ ಮೂರೂವರೆ ಪಾಲಿಗಿಂತ ಹೆಚ್ಚು. ಒಳಗಿನ ತಂತಿ ಕೆಂಡವಾಗಿ, ಮೂತಿಯ ಪ್ಲಾಸ್ಟಿಕ್ ಬಗ್ಗಿಹೋಯಿತು. ತಕ್ಷಣ ಕೆಳಗೆ ಹಾಕಿದ್ದರಿಂದ ಕೂದಲು ಉಳಿಯಿತು. ಅವಳಿಗೆ ಆಮೇಲೆ ಅರ್ಧ ಗಂಟೆ ಕೈ ನಡುಗುತ್ತಿತ್ತು.

ಬಾಯಾರಿನಿಂದ ಒಸಾಕಾ

ಜಪಾನಿಗೆ ಬರುವವರಿಗಾಗಿ ಬರೆಯುತ್ತೇನೆ. ಇಲ್ಲಿ 100 ವೋಲ್ಟ್. ಲ್ಯಾಪ್‌ಟಾಪ್ ಚಾರ್ಜರ್ ತೊಂದರೆಯಿಲ್ಲದೆ ನಡೆಯುತ್ತದೆ, ಸ್ವಲ್ಪ ಜಾಸ್ತಿ ಬಿಸಿಯಾಗಬಹುದು, ಯಾಕೆಂದರೆ ಅಷ್ಟೇ ಶಕ್ತಿಗೆ ಹೆಚ್ಚು ಕರೆಂಟು ಎಳೆಯಬೇಕು. ಇಲ್ಲಿ ಒಂದು ವಿಶೇಷ ಇದೆ: ಟೋಕಿಯೋ ಕಡೆ 50 ಹರ್ಟ್ಜ್, ನಮ್ಮ ಒಸಾಕಾ ಕಡೆ 60. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದರು. ಅದು ಇವತ್ತಿಗೂ ಒಂದಾಗಿಲ್ಲ.

ಗೋಡೆಯಲ್ಲಿ ಹೆಚ್ಚಾಗಿ ಎರಡೇ ಚಪ್ಪಟೆ ತೂತು. ಮೂರು ಪಿನ್ನಿನ ಅಮೆರಿಕದ ವಯರ್ ತಂದರೂ ತಾಗುವುದಿಲ್ಲ. ಎರಡು ಪಿನ್ನಿನದ್ದೇ ಇಲ್ಲಿ ತೆಗೆಯಬೇಕು.

ಊರಿಗೆ ವಾಪಸ್ ಬರುವಾಗ ಜಾಗ್ರತೆ. ಇಲ್ಲಿನ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ 125 ವೋಲ್ಟ್ ಅಂತ ಬರೆದಿರುತ್ತದೆ. ಇಲ್ಲಿನ ಚಾರ್ಜರ್ ವಯರಿನ ಮೇಲೂ ಅಷ್ಟೇ. ಚಾರ್ಜರ್ ಒಳ್ಳೆಯದು ಅಂತ ಆ ವಯರನ್ನೂ ಬೋರ್ಡನ್ನೂ ನಮ್ಮ 230ಕ್ಕೆ ಹಾಕಬೇಡಿ. ಇಟ್ಟಿಗೆಯ ಮೇಲಿನ ಬರಹ ಇಟ್ಟಿಗೆಗೆ ಮಾತ್ರ, ವಯರಿಗೆ ಅದರದ್ದೇ ಬರಹ ಇರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನೀರ್ಚಾಲಿನ ಹುಡುಗಿ

ಎಷ್ಟೊಂದು ಗೊತ್ತಾಯಿತು! ಇನ್ನು ಎರಡೇ ಪ್ರಶ್ನೆ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಿನಲ್ಲಿ ಹಾಕಬಹುದಾ? ಚಾರ್ಜರ್ ಕೆಟ್ಟರೆ ಅಂತ ಒಂದು ಕಡಿಮೆ ಬೆಲೆಯ ಡುಪ್ಲಿಕೇಟ್ ತೆಗೆದಿಡಲಾ?

ಜರ್ಮನಿ, ಆರು ವರ್ಷ

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿಗೆ ಹಾಕಿದರೆ ತೆಗೆಸುತ್ತಾರೆ. 100 ವಾಟ್‌ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಒಳಗಿದ್ದರೆ ಯಾರ ಅನುಮತಿಯೂ ಬೇಡ. 20,000 ಎಂಎಎಚ್ ಅಂದರೆ ಸುಮಾರು 74 ವಾಟ್‌ಅವರ್. ಅಕ್ಷರ ಉಜ್ಜಿಹೋದ ಹಳೆಯದನ್ನು ತರಬೇಡಿ, ಓದಲಾಗದಿದ್ದರೆ ತೆಗೆದಿಟ್ಟುಕೊಳ್ಳಬಹುದು. ಏರ್‌ಲೈನ್‌ನ ನಿಯಮವನ್ನೂ ಒಮ್ಮೆ ಓದಿ.

ಪೆರ್ಲದ ವಯರಿಂಗ್ ಕೆಲಸದವ

ಡುಪ್ಲಿಕೇಟ್ ಬೇಡವೇ ಬೇಡ. 100ರಿಂದ 240 ಅಂತ ಯಾರು ಬೇಕಾದರೂ ಅಚ್ಚು ಹಾಕಬಹುದು. ಒಳಗೆ ಅಷ್ಟು ತಾಳುವ ಕೆಪಾಸಿಟರ್ ಉಂಟಾ ಅನ್ನುವುದು ಮುಖ್ಯ. ರಿಪೇರಿಗೆ ಬಂದ ಒಂದನ್ನು ಬಿಚ್ಚಿ ನೋಡಿದ್ದೆ. ಗೋಡೆಯ ಕರೆಂಟಿನ ಬದಿಗೂ ಲ್ಯಾಪ್‌ಟಾಪಿನ ಬದಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಇರಲಿಲ್ಲ. ಒಳ್ಳೆಯದರಲ್ಲಿ ಅಲ್ಲಿ ಬೆರಳಗಲ ಬರಿದಾಗಿ ಬಿಟ್ಟಿರುತ್ತಾರೆ. ಇಲ್ಲಿ ತೆಗೆಯುವುದಾದರೆ ಬಿಐಎಸ್ ಗುರುತು ಮತ್ತು ಅದರ ಜೊತೆಗಿನ ನೋಂದಣಿ ಸಂಖ್ಯೆ ನೋಡಿಯೇ ತೆಗೆ.

ನೀರ್ಚಾಲಿನ ಹುಡುಗಿ

ಅಕ್ಟೋಬರ್ ಮೊದಲ ವಾರ. ಹಾಸ್ಟೆಲಿನಿಂದ ಬರೆಯುತ್ತಿದ್ದೇನೆ. ಕನ್ವರ್ಟರ್ ವಾಪಸ್ ಹೋಯಿತು, ಹಪ್ಪಳ ಬಂತು. ಅಡಾಪ್ಟರ್ ಹಾಕಿದೆ, ಚಾರ್ಜ್ ಆಗುತ್ತದೆ. ಆದರೆ ಒಂದು ಹೆದರಿಕೆ. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳು ಮೆಲ್ಲ ಸವರಿದರೆ ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತದೆ. ಊರಿನಲ್ಲಿ ಹೀಗಿರಲಿಲ್ಲ.

ಪೆರ್ಲದ ವಯರಿಂಗ್ ಕೆಲಸದವ

ಅಡಾಪ್ಟರಿನ ಮೂರನೇ ತೂತಿನೊಳಗೆ ಟಾರ್ಚ್ ಬಿಟ್ಟು ನೋಡು. ಲೋಹ ಕಾಣುತ್ತದಾ?

ನೀರ್ಚಾಲಿನ ಹುಡುಗಿ

ಇಲ್ಲ ಅಣ್ಣ. ಬರೀ ಪ್ಲಾಸ್ಟಿಕ್. ಹೊರಡುವ ಗಡಿಬಿಡಿಯಲ್ಲಿ ನೋಡದೆ ತೆಗೆದೆ.

ಪೆರ್ಲದ ವಯರಿಂಗ್ ಕೆಲಸದವ

ಅದೇ ಕಾರಣ. ಚಾರ್ಜರಿನಲ್ಲಿ ಕರೆಂಟಿನ ಗದ್ದಲ, ಅಂದರೆ ಬೇಡದ ಏರಿಳಿತ, ಸೋಸಲು ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಒಂದು ಚೂರು ಕರೆಂಟು ಜಿನುಗುತ್ತದೆ. ಅರ್ಥಿಂಗ್ ಇದ್ದರೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿನ್ನ ಬೆರಳಿಗೆ. ಚಾರ್ಜರ್ ಒಳ್ಳೆಯದಿದ್ದರೆ ಇದರಿಂದ ಅಪಾಯ ಇಲ್ಲ, ಆದರೂ ಹಾಗೇ ಬಿಡಬೇಡ. ನಾಳೆಯೇ ಆ ವಯರ್ ತೆಗೆ.

ನೀರ್ಚಾಲಿನ ಹುಡುಗಿ

ತೆಗೆದೆ. ಅಂಗಡಿಯಲ್ಲಿ ‘ಕ್ಲೇಬ್ಲಾಟ್’ ಅಂದ ಕೂಡಲೇ ತಂದು ಕೊಟ್ಟರು. ಗೋಡೆಯ ಬಟ್ಟಲಿಗೆ ಗಟ್ಟಿಯಾಗಿ ಕೂತಿತು. ಲ್ಯಾಪ್‌ಟಾಪ್ ಮೇಲೆ ಅಂಗೈ ಇಟ್ಟು, ಬೆರಳು ಸವರಿ, ಮೊಣಕೈ ಒತ್ತಿ ನೋಡಿದೆ. ಜುಮುಜುಮು ಇಲ್ಲ. ಅಪ್ಪನಿಗೆ ವೀಡಿಯೋ ಕಾಲಿನಲ್ಲಿ ತೋರಿಸಿದೆ.

ಮುಳ್ಳೇರಿಯದ ಅತ್ತೆ

ಮಗನ ಮಿಕ್ಸಿಯೂ ತಿರುಗಿತು ಮಗಾ. ನಿನ್ನೆ ಕಾಯಿ ಚಟ್ನಿ ಮಾಡಿ ಫೋಟೋ ಕಳಿಸಿದ್ದಾನೆ. ನೀನಿರುವ ಊರು ಅವನಿಗೆ ಹತ್ತಿರವಾದರೆ ಹೇಳು, ಹಪ್ಪಳ ನಿನ್ನಲ್ಲಿ ಉಂಟಲ್ಲ.